ಮಜಾ ಕೊಡುವ ಸೈನ್ಸ್ ಫಿಕ್ಷನ್ ಕಾದಂಬರಿಗಳು: ನಿಮ್ಮ ಮೆಚ್ಚಿನದು ಯಾವುದು?

ಪುಸ್ತಕದಹುಳ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾದಂಬರಿ ಅಂದ ತಕ್ಷಣ ಮಾತು ಕಾರಂತರಿಂದ ಶುರುವಾಗಿ ಭೈರಪ್ಪನವರ ಹತ್ತಿರ ಜಗಳವಾಗಿ ನಿಲ್ಲುತ್ತದೆ. ಒಂದು ಸಲ ದಾರಿ ಬದಲಾಯಿಸೋಣ ಅಂತ ಈ ಥ್ರೆಡ್.

ನನ್ನ ನಿದ್ದೆ ಕೆಡಿಸಿ ಓದಿಸಿಕೊಂಡಿರುವುದೆಲ್ಲ ಸೈನ್ಸ್ ಫಿಕ್ಷನ್. ಅದರಲ್ಲೂ ಓದಿ ಮುಗಿಸಿದ ಮೇಲೆ ಮುಖ ಸಪ್ಪೆ ಮಾಡಿಕೊಂಡು ಮನುಕುಲದ ಭವಿಷ್ಯ ಯೋಚಿಸಬೇಕಾದಂಥವು ಅಲ್ಲ. ಊಟಕ್ಕೆ ಕರೆದರೆ 'ಇನ್ನೊಂದೇ ಒಂದು ಪುಟ, ಬಂದೆ' ಅನ್ನಿಸುವಂಥವು. ಇಂಥ ಪುಸ್ತಕ ಇಷ್ಟ ಅಂತ ಹೇಳಿಕೊಳ್ಳಲು ನಮ್ಮಲ್ಲಿ ಯಾಕೋ ಸಂಕೋಚ. ನನಗಂತೂ ಇಲ್ಲ.

ಉದಾಹರಣೆಗೆ ಆಂಡಿ ವಿಯರ್ ಬರೆದ 'ದಿ ಮಾರ್ಷಿಯನ್' ತಗೊಳ್ಳಿ. ಮಂಗಳ ಗ್ರಹಕ್ಕೆ ಆರು ಜನ ಹೋಗಿರುತ್ತಾರೆ. ಬಿರುಗಾಳಿಯಲ್ಲಿ ಮಾರ್ಕ್ ವಾಟ್ನಿ ಸತ್ತ ಅಂದುಕೊಂಡು ಉಳಿದ ಐವರು ಹೊರಟುಬಿಡುತ್ತಾರೆ. ಇವನು ಬದುಕಿದ್ದಾನೆ. ಮುಂದಿನ ತಂಡ ಬರುವುದು ನಾಲ್ಕು ವರ್ಷಕ್ಕೆ. ಊಟ ಅಷ್ಟು ದಿನಕ್ಕೆ ಸಾಲುವುದಿಲ್ಲ. ಒಂದಿಷ್ಟು ಹಸಿ ಆಲೂಗಡ್ಡೆ ಇದೆ. ಆಸಾಮಿ ಸಸ್ಯವಿಜ್ಞಾನ ಓದಿದವನು. ಸರಿ, ಬೆಳೆ ತೆಗೆಯೋಣ ಅಂತ ಕೂರುತ್ತಾನೆ.

ಬೆಳೆಗೆ ನೀರು ಬೇಕಲ್ಲ? ಇಲ್ಲಿಂದ ನನಗೆ ಹಬ್ಬ. ಕೆಳಗಿಳಿಯಲು ಬಳಸಿದ ನೌಕೆಯಲ್ಲಿ ಹೈಡ್ರಜೀನ್ ಅನ್ನುವ ಇಂಧನ ಉಳಿದಿದೆ. ಅದನ್ನು ಇರಿಡಿಯಂ ಮೇಲೆ ಹನಿಹನಿಯಾಗಿ ಬಿಟ್ಟರೆ ಸಾರಜನಕ, ಜಲಜನಕ ಎರಡಾಗಿ ಒಡೆಯುತ್ತದೆ. ಜಲಜನಕವನ್ನು ಆಮ್ಲಜನಕದ ಜೊತೆ ಉರಿಸಿದರೆ ನೀರು. ಹೈಸ್ಕೂಲ್ ಕೆಮಿಸ್ಟ್ರಿ ಅಷ್ಟೇ. ಆದರೆ ಸ್ವಲ್ಪ ಜಲಜನಕ ಉರಿಯದೆ ಕೋಣೆಯಲ್ಲೇ ತುಂಬಿಕೊಂಡಿದೆ ಅಂತ ಆಮೇಲೆ ಗೊತ್ತಾಗುತ್ತದೆ. ಅಂದರೆ ಅವನು ವಾಸ ಮಾಡುತ್ತಿರುವುದು ಬಾಂಬಿನೊಳಗೆ! ಅದನ್ನು ಸ್ವಲ್ಪಸ್ವಲ್ಪವೇ ಸುಟ್ಟು ಮುಗಿಸಲು ಕೋಣೆಯ ಆಮ್ಲಜನಕ ಇಳಿಸುತ್ತಾನೆ, ತಾನು ಮಾಸ್ಕ್ ಹಾಕಿಕೊಳ್ಳುತ್ತಾನೆ. ಎಲ್ಲ ಪಕ್ಕಾ ಲೆಕ್ಕ. ಆದರೂ ಢಂ! ಯಾಕಂದರೆ ನಾವು ಬಿಡುವ ಉಸಿರಿನಲ್ಲೂ ಬಳಕೆಯಾಗದ ಆಮ್ಲಜನಕ ಇರುತ್ತದೆ. ಮಾಸ್ಕಿನಿಂದ ಎಳೆದುಕೊಂಡದ್ದನ್ನು ಅವನೇ ಕೋಣೆಗೆ ಊದುತ್ತಿದ್ದ. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇದನ್ನು ಓದಿದಾಗ ನಾನು ಜೋರಾಗಿ ನಕ್ಕಿದ್ದೆ. ಈ ಜಾತಿಯ ಕಾದಂಬರಿಯ ಮಜಾ ರಾಕೆಟ್ಟು, ಲೇಸರ್ ಗನ್ನಿನಲ್ಲಿ ಇಲ್ಲ ಅಂತ ನನ್ನ ವಾದ. ಒಬ್ಬ ಮನುಷ್ಯ ಒಂದು ಕಷ್ಟದ ಮುಂದೆ ಕೂತು ತಲೆ ಓಡಿಸುವುದನ್ನು ಪಕ್ಕದಲ್ಲಿ ಕೂತು ನೋಡುವುದರಲ್ಲಿ ಇದೆ. ನಿಮ್ಮ ಪಟ್ಟಿ ಹೇಳಿ. ದಯವಿಟ್ಟು ಕೊನೆ ಮಾತ್ರ ಹೇಳಿಬಿಡಬೇಡಿ.

ಜಯನಗರದ ಜಯಣ್ಣ

ಒಳ್ಳೆ ಥ್ರೆಡ್. ನಾನು ಹಳೇ ಕಾಲದವನು, ನನ್ನ ಓಟು ಅಸಿಮೋವ್‌ಗೆ. ನೀವು ಹೇಳಿದ ತಲೆ ಓಡಿಸುವ ಮಜಾ ಬೇಕಾದರೆ 'ದಿ ಕೇವ್ಸ್ ಆಫ್ ಸ್ಟೀಲ್' ಓದಿ. 1954ರ ಪುಸ್ತಕ. ಇದು ಹುಟ್ಟಿದ ಕತೆಯೂ ಚೆನ್ನಾಗಿದೆ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಸೈನ್ಸ್ ಫಿಕ್ಷನ್ನಿನಲ್ಲಿ ಪತ್ತೇದಾರಿ ಆಗದ ಕೆಲಸ ಅನ್ನುತ್ತಿದ್ದರಂತೆ. ಪತ್ತೇದಾರ ಸಿಕ್ಕಿಹಾಕಿಕೊಂಡಾಗ ಜೇಬಿನಿಂದ ಒಂದು ಹೊಸ ಯಂತ್ರ ತೆಗೆದು ಕೊಲೆಗಾರನನ್ನು ಹಿಡಿದುಬಿಟ್ಟರೆ ಓದುಗ ಏನು ಮಾಡಬೇಕು? ಅಸಿಮೋವ್ ಅದನ್ನೇ ಸವಾಲಾಗಿ ತಗೊಂಡರು. ನಿಯಮವನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಆಯಿತು, ಆಮೇಲೆ ಮೋಸ ಇಲ್ಲ. ರೋಬೋಟ್‌ಗಳ ಮೂರು ನಿಯಮ 1942ರಲ್ಲೇ ಅವರ ಕತೆಯಲ್ಲಿ ಬಂದಿತ್ತು. ರೋಬೋಟ್ ಮನುಷ್ಯನಿಗೆ ಕೇಡು ಮಾಡಬಾರದು, ಹೇಳಿದ ಮಾತು ಕೇಳಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು, ಈ ಕ್ರಮದಲ್ಲೇ. ಅಂಥ ಲೋಕದಲ್ಲಿ ಕೊಲೆ ಆಗುತ್ತದೆ. ತನಿಖೆಗೆ ಒಬ್ಬ ಮನುಷ್ಯ ಪೊಲೀಸ್, ಒಬ್ಬ ರೋಬೋಟ್ ಜೋಡಿ.

ಪೊಲೀಸ್ ಎಲೈಜಾ ಬೇಲಿಗೆ ತೆರೆದ ಆಕಾಶ ಕಂಡರೆ ಭಯ! ಹುಟ್ಟಿದಾಗಿನಿಂದ ಸೂರು ಮುಚ್ಚಿದ ಊರಿನಲ್ಲೇ ಇದ್ದವನು. ಊಟ ಸಾಮೂಹಿಕ ಅಡುಗೆಮನೆಯಲ್ಲಿ, ಸ್ನಾನಕ್ಕೂ ಸಾರ್ವಜನಿಕ ಜಾಗ. ಮೆಟ್ರೋದಿಂದ ಮಾಲ್, ಮಾಲ್‌ನಿಂದ ಆಫೀಸು ಅಂತ ಓಡಾಡುವ ನಮ್ಮ ಬೆಂಗಳೂರಿನ ಹುಡುಗರು ಇದನ್ನು ಓದಲೇಬೇಕು.

ಖಾರಾಮಂಡಕ್ಕಿ

ಮೆಚ್ಚುಗೆ ಮಧ್ಯೆ ಸ್ವಲ್ಪ ಖಾರ ಹಾಕುತ್ತೇನೆ, ಬೇಜಾರಾಗಬೇಡಿ.

ಪುಸ್ತಕದಹುಳ ಅವರೇ, ನೀವು ವರ್ಣಿಸಿದ್ದು ಕಾದಂಬರಿಯೋ ಪಿಯುಸಿ ಪ್ರಾಕ್ಟಿಕಲ್ಲೋ? ವಾಟ್ನಿ ಅನ್ನುವವನಿಗೆ ಒಂದು ಮನಸ್ಸು ಅಂತ ಇದೆಯಾ? ಒಬ್ಬನೇ ಒಂದು ಗ್ರಹದ ಮೇಲೆ ಅಷ್ಟು ಕಾಲ ಇದ್ದವನು ಜೋಕ್ ಹೊಡೆದುಕೊಂಡು ಇರುತ್ತಾನೆ. ನಮ್ಮ ಕಡೆ ಹಾಸ್ಟೆಲಿಗೆ ಸೇರಿಸಿದ ಹುಡುಗ ಮೊದಲನೇ ವಾರ ಅದಕ್ಕಿಂತ ಜಾಸ್ತಿ ಅಳುತ್ತಾನೆ.

ಕ್ಲಾರ್ಕ್ ಬರೆದ 'ರಾಂಡೆವೂ ವಿತ್ ರಾಮ' ಕೂಡ ಹಾಗೇ. ಹೆಸರಿನಲ್ಲಿ ರಾಮ ಇದ್ದಾನೆ ಅಂತ ಕುತೂಹಲದಿಂದ ಎತ್ತಿಕೊಂಡೆ. ಆಕಾಶಕಾಯಗಳಿಗೆ ಇಡಲು ಗ್ರೀಕ್, ರೋಮನ್ ದೇವರ ಹೆಸರೆಲ್ಲ ಖರ್ಚಾಗಿ ನಮ್ಮ ದೇವರ ಪಾಳಿ ಬಂದಿದೆಯಂತೆ. ಎಲ್ಲಿಂದಲೋ ಬಂದ 50 ಕಿಲೋಮೀಟರ್ ಉದ್ದದ ಕೊಳವೆಯಂಥ ನೌಕೆ, ಒಳಗೆ ಒಂದು ಲೋಕ. ಅದ್ಭುತ, ಒಪ್ಪಿದೆ. ಆದರೆ ಒಳಗೆ ಹೋದವರಲ್ಲಿ ಒಬ್ಬರ ಹೆಸರಾದರೂ ಈಗ ನಿಮಗೆ ನೆನಪಿದೆಯಾ?

ಇನ್ನೊಂದು. ಮಂಗಳದಲ್ಲಿ ಆ ಥರ ಬಿರುಗಾಳಿ ಬರುವುದೇ ಇಲ್ಲ. ಬುಡವೇ ಸುಳ್ಳು.

ಪುಸ್ತಕದಹುಳ

ಖಾರ ಚೆನ್ನಾಗಿದೆ :)

ಬಿರುಗಾಳಿ ವಿಷಯ ನಿಜ. ಮಂಗಳದ ವಾತಾವರಣದ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗಿಂತ ಕಮ್ಮಿ. ಅಲ್ಲಿ ಎಷ್ಟೇ ಜೋರಾಗಿ ಗಾಳಿ ಬೀಸಿದರೂ ಮನುಷ್ಯನನ್ನು ಎತ್ತಿ ಒಗೆಯುವಷ್ಟು ತ್ರಾಣ ಇರುವುದಿಲ್ಲ. ಇದನ್ನು ವಿಯರ್ ಅವರೇ ಒಪ್ಪಿದ್ದಾರೆ. ಕತೆ ಶುರುವಾಗಲು ಬೇಕಿತ್ತು, ಗೊತ್ತಿದ್ದೇ ಹಾಕಿದೆ ಅಂದಿದ್ದಾರೆ. ಮಣ್ಣಿನ ವಿಷಯದಲ್ಲೂ ತಕರಾರಿದೆ. ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಅನ್ನುವ ಲವಣ ಇರುವುದನ್ನು ಫೀನಿಕ್ಸ್ ನೌಕೆ 2008ರಲ್ಲೇ ಪತ್ತೆ ಮಾಡಿತ್ತು. ಹಾಗೇ ಬೆಳೆದು ತಿಂದರೆ ಥೈರಾಯ್ಡಿಗೆ ಒಳ್ಳೆಯದಲ್ಲ. ಒಂದೆರಡು ಸುಳ್ಳು ಮಾಫಿ ಮಾಡೋಣ. ಆಮೇಲಿನದರಲ್ಲಿ ಆಟದ ನಿಯಮ ಮುರಿಯದಿದ್ದರೆ ನನಗೆ ಸಾಕು.

ಪಾತ್ರದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ವಾಟ್ನಿ ಅಳುವುದಿಲ್ಲ, ನಿಜ. ಆದರೆ ಅವನು ಬರೆಯುತ್ತಿರುವುದು ಲಾಗ್ ಪುಸ್ತಕ. ಮುಂದೆ ಯಾರೋ ಓದುತ್ತಾರೆ ಅಂತ ಗೊತ್ತಿರುವವನು ಜೋಕ್ ಹೊಡೆಯುತ್ತಾನೆ. ಆ ಜೋಕಿನ ಹಿಂದೆ ಏನಿದೆ ಅಂತ ಊಹಿಸುವ ಕೆಲಸ ನಮ್ಮದು.

ಅಂದಹಾಗೆ ಈ ಪುಸ್ತಕ ಮೊದಲು ಬಂದದ್ದು ಪ್ರಕಾಶಕರಿಂದ ಅಲ್ಲ. ವಿಯರ್ ಆಗ ಕಂಪ್ಯೂಟರ್ ಪ್ರೋಗ್ರಾಮರ್. ತಮ್ಮ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯ ಪುಕ್ಕಟೆ ಹಾಕುತ್ತಿದ್ದರು. ಓದುಗರು ಲೆಕ್ಕ ತಪ್ಪಿದ ಕಡೆ ತಿದ್ದಿ ಕಳಿಸುತ್ತಿದ್ದರು. ಕಿಂಡಲ್‌ನಲ್ಲಿ ಓದಬೇಕು ಅಂತ ಅವರೇ ಕೇಳಿದ್ದಕ್ಕೆ 2011ರಲ್ಲಿ ಅಲ್ಲಿ ಇಡಬಹುದಾದ ಅತಿ ಕಮ್ಮಿ ಬೆಲೆ, 99 ಸೆಂಟ್‌ಗೆ ಹಾಕಿದರು. 2014ರಲ್ಲಿ ದೊಡ್ಡ ಪ್ರಕಾಶಕರು ತಂದರು, 2015ರಲ್ಲಿ ಸಿನಿಮಾನೂ ಆಯಿತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗೆ ಓದುಗರ ಪತ್ರ ಬರುತ್ತಿತ್ತಲ್ಲ, ಅದೇ ಸಂಪ್ರದಾಯ.

ಸುಮಾ ಟೀಚರ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪಿಯುಸಿ ಪ್ರಾಕ್ಟಿಕಲ್ ಅಂದದ್ದನ್ನು ಹೊಗಳಿಕೆ ಅಂತಲೇ ತಗೊಂಡೆ.

ಅದೇ ವಿಯರ್ ಅವರ 'ಪ್ರಾಜೆಕ್ಟ್ ಹೇಲ್ ಮೇರಿ' (2021) ನನಗೆ ಇನ್ನೂ ಇಷ್ಟ. ಅದರ ನಾಯಕ ನಮ್ಮವನೇ, ಸ್ಕೂಲ್ ಮೇಷ್ಟ್ರು! ಕಣ್ಣು ಬಿಟ್ಟರೆ ಎಲ್ಲೋ ಒಂದು ಕೋಣೆ. ತನ್ನ ಹೆಸರೇ ನೆನಪಿಲ್ಲ. ಎದ್ದು ಓಡಾಡಿದರೆ ಮೈ ಯಾಕೋ ಭಾರ. ವಸ್ತು ಕೆಳಗೆ ಬೀಳುವ ರೀತಿಯೂ ಸರಿ ಕಾಣುವುದಿಲ್ಲ. ಮೇಷ್ಟ್ರು ಏನು ಮಾಡುತ್ತಾನೆ? ಗಾಬರಿಯಾಗುವ ಬದಲು ಅಳತೆ ಟೇಪು, ಸ್ಟಾಪ್‌ವಾಚ್ ಹುಡುಕುತ್ತಾನೆ. ವಸ್ತು ಬೀಳಿಸಿ ಬೀಳಿಸಿ ಅಳೆಯುತ್ತಾನೆ. ಗುರುತ್ವ 9.8 ಬರಬೇಕಾದ ಕಡೆ 15 ಬರುತ್ತದೆ. ಅಂದರೆ ತಾನು ಭೂಮಿಯ ಮೇಲೆ ಇಲ್ಲ! ಇದು ಮೊದಲ ಕೆಲವೇ ಪುಟಗಳ ಮಾತು, ಕತೆ ಕೆಡಿಸುತ್ತಿಲ್ಲ.

ಇದನ್ನು ಒಂಬತ್ತನೇ ತರಗತಿಗೆ ಒಯ್ದೆ. ಕತೆಯನ್ನು ಅಲ್ಲಿವರೆಗೆ ಹೇಳಿ ನಿಲ್ಲಿಸಿದೆ. 'ನೀವು ಆ ಕೋಣೆಯಲ್ಲಿ ಇದ್ದೀರಿ, ಎಲ್ಲಿದ್ದೀರಿ ಅಂತ ಹೇಗೆ ಕಂಡುಹಿಡಿಯುತ್ತೀರಿ?' ಮಕ್ಕಳು ಸ್ಕೇಲು, ರಬ್ಬರು, ಮೊಬೈಲಿನ ಸ್ಲೋಮೋಷನ್ ಎಲ್ಲ ತಂದರು. ಒಂದು ಮೀಟರ್ ಎತ್ತರದಿಂದ ಬಿಟ್ಟ ರಬ್ಬರು ನಮ್ಮಲ್ಲಿ ಸುಮಾರು 0.45 ಸೆಕೆಂಡಿಗೆ ನೆಲ ಮುಟ್ಟುತ್ತದೆ. ಆ ಕೋಣೆಯಲ್ಲಾದರೆ 0.37. ಕಣ್ಣಿಗೆ ಗೊತ್ತಾಗದ ವ್ಯತ್ಯಾಸ. ಹಿಂದಿನ ಬೆಂಚಿನ ಒಬ್ಬ ಹುಡುಗ, ಸಾಮಾನ್ಯವಾಗಿ ಕಿಟಕಿ ಕಡೆ ನೋಡುತ್ತ ಕೂರುವವನು, 'ಮಿಸ್, ಲೋಲಕ ಕಟ್ಟಿದರೆ ಸುಲಭ' ಅಂದ. ಹೌದಲ್ವಾ! ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿದರೆ ಇಲ್ಲಿ ಒಂದು ಸಲ ಹೋಗಿ ಬರಲು 2 ಸೆಕೆಂಡು, ಅಲ್ಲಿ 1.6. ಹತ್ತು ಸಲ ತೂಗಿಸಿದರೆ ನಾಲ್ಕು ಸೆಕೆಂಡು ವ್ಯತ್ಯಾಸ, ಗೋಡೆ ಗಡಿಯಾರದಲ್ಲೇ ಸಿಗುತ್ತದೆ. ಪುಸ್ತಕದ ಮೇಷ್ಟ್ರೂ ಮುಂದೆ ಲೋಲಕ ಕಟ್ಟುತ್ತಾನೆ, ಬೇರೆ ಕಾರಣಕ್ಕೆ.

ಖಾರಾಮಂಡಕ್ಕಿ ಸರ್, ಪಾತ್ರ ಬೇಕು ಅಂದಿರಲ್ಲ. ಈ ಪುಸ್ತಕದಲ್ಲಿ ರಾಕಿ ಅಂತ ಒಬ್ಬ ಬರುತ್ತಾನೆ. ಐದು ಕಾಲು, ಕಣ್ಣಿಲ್ಲ, ಮಾತೆಲ್ಲ ಸ್ವರ. ಇಷ್ಟೇ ಹೇಳುತ್ತೇನೆ. ಅವನ ಮೇಲೆ ಪ್ರೀತಿ ಬರದಿದ್ದರೆ ಪುಸ್ತಕದ ದುಡ್ಡು ನಾನು ವಾಪಸ್ ಕೊಡುತ್ತೇನೆ.

ಮೂಡಿಗೆರೆಮಳೆ

ಎಲ್ಲರೂ ಮಂಗಳ ಗ್ರಹಕ್ಕೆ ಹೋಗಿಬಿಟ್ಟಿರಿ. ನಾನು ಪಶ್ಚಿಮ ಘಟ್ಟದಲ್ಲೇ ಇದ್ದೇನೆ. 'ಕರ್ವಾಲೋ' ಯಾಕೆ ಯಾರೂ ಹೇಳಲಿಲ್ಲ?

ತೇಜಸ್ವಿಯವರು 1980ರಲ್ಲಿ ಬರೆದದ್ದು. ವಿಜ್ಞಾನಿ ಇದ್ದಾರೆ, ಹುಡುಕಾಟ ಇದೆ, ಯಾರೂ ನಂಬದ ಒಂದು ಪ್ರಾಣಿ ಇದೆ. ನಗು ಅಂದರೆ ಪುಟಪುಟಕ್ಕೂ. ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ. ಪಾತ್ರ ಇಲ್ಲ ಅಂತ ಯಾರಾದರೂ ಅನ್ನಲಿ ನೋಡೋಣ! ಜೀವವಿಕಾಸದಂಥ ದೊಡ್ಡ ವಿಷಯವನ್ನು ಜೇನು, ಮದುವೆ, ಕಳ್ಳಭಟ್ಟಿ ಕೇಸಿನ ನಡುವೆ ತಂದು ಕೂರಿಸಿದ್ದಾರೆ. ಮನರಂಜನೆ ಅಂದರೆ ಇದು. ಇದಕ್ಕಿಂತ ಒಳ್ಳೆ ಸೈನ್ಸ್ ಫಿಕ್ಷನ್ ಇಂಗ್ಲಿಷಿನಲ್ಲೂ ಕಮ್ಮಿ.

ಜಯನಗರದ ಜಯಣ್ಣ

'ಕರ್ವಾಲೋ' ದೊಡ್ಡ ಕಾದಂಬರಿ, ಎರಡು ಮಾತಿಲ್ಲ. ಆದರೆ ಸೈನ್ಸ್ ಫಿಕ್ಷನ್ ಅನ್ನಬಹುದಾ? ಹಾರುವ ಓತಿ ನಮ್ಮ ಕಾಡಿನಲ್ಲಿ ನಿಜಕ್ಕೂ ಇದೆ. ಪಕ್ಕೆಲುಬಿಗೆ ಅಂಟಿದ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಅಡಿಕೆ ತೋಟದಲ್ಲಿ ಎಷ್ಟೋ ಜನ ಕಂಡಿದ್ದಾರೆ. ಇಲ್ಲದ ವಿಜ್ಞಾನ ಅಲ್ಲಿ ಏನಿದೆ?

ಮೂಡಿಗೆರೆಮಳೆ

ಇದೆ ಅನ್ನುವ ಕಾರಣಕ್ಕೆ ಹೊರಗಿಡುವುದಾದರೆ ಮಂಗಳ ಗ್ರಹವೂ ಇದೆ ಅಣ್ಣಾ, ಆಲೂಗಡ್ಡೆಯೂ ಇದೆ :) ಕಾದಂಬರಿಯಲ್ಲಿ ಕರ್ವಾಲೋ ಹುಡುಕುವುದು ತೋಟದ ಮಾಮೂಲಿ ಓತಿಯನ್ನಲ್ಲ, ಕಾಲವೇ ಮರೆತುಬಿಟ್ಟ ಒಂದು ಜೀವಿಯನ್ನು.

ಪುಸ್ತಕದಹುಳ

ಇಬ್ಬರ ಮಧ್ಯೆ ಬರುತ್ತೇನೆ. ನನ್ನ ಅಳತೆಗೋಲಿಗೆ 'ಕರ್ವಾಲೋ' ಅರ್ಧ ಹೊಂದುತ್ತದೆ. ಗೊತ್ತಿಲ್ಲದ್ದನ್ನು ಬೆನ್ನು ಹತ್ತುವ ಖುಷಿ ಪೂರ್ತಿ ಇದೆ. ಆದರೆ ತೇಜಸ್ವಿಗೆ ಉತ್ತರ ಸಿಗುವುದು ಮುಖ್ಯವೇ ಅಲ್ಲ. ವಿಯರ್‌ಗೆ ಉತ್ತರ ಸಿಗದಿದ್ದರೆ ನಾಯಕ ಸಾಯುತ್ತಾನೆ. ಒಂದನ್ನು ನಿಧಾನಕ್ಕೆ ಓದಬೇಕು, ಇನ್ನೊಂದನ್ನು ನಿಧಾನಕ್ಕೆ ಓದಲು ಆಗುವುದೇ ಇಲ್ಲ. ಎರಡೂ ನನ್ನ ಕಪಾಟಿನಲ್ಲಿ ಅಕ್ಕಪಕ್ಕವೇ ಇವೆ. ಹಣೆಪಟ್ಟಿ ಜಗಳ ಇಲ್ಲಿಗೆ ಬಿಡೋಣ, ಇಲ್ಲದಿದ್ದರೆ ಥ್ರೆಡ್ ಪೂರ್ತಿ ಅದೇ ಆಗುತ್ತದೆ.

ಧಾರವಾಡಪೇಡೆ

ಜಗಳ ಬಿಡಿಸಲು ಒಂದು ಹಳೇ ಕತೆ ಹೇಳುತ್ತೇನೆ, ಕೇಳ್ರಿ.

ಜಗದೀಶಚಂದ್ರ ಬೋಸ್ ಗೊತ್ತಲ್ಲ, ಗಿಡಗಳಿಗೂ ಸ್ಪಂದನೆ ಇದೆ ಅಂತ ತೋರಿಸಿದವರು. ಅವರು 1896ರಲ್ಲಿ ಬಂಗಾಳಿಯಲ್ಲಿ ಒಂದು ಸೈನ್ಸ್ ಫಿಕ್ಷನ್ ಕತೆ ಬರೆದಿದ್ದರು. ಯಾಕೆ ಬರೆದರು? ಕುಂತಳೀನ್ ಅನ್ನುವ ಕೂದಲೆಣ್ಣೆ ಕಂಪನಿ ಕಥಾಸ್ಪರ್ಧೆ ಇಟ್ಟಿತ್ತು. ಕತೆಯಲ್ಲಿ ಎಣ್ಣೆಯ ಹೆಸರು ಬರಬೇಕು, ಜಾಹೀರಾತು ಅಂತ ಮಾತ್ರ ಅನ್ನಿಸಬಾರದು. ಬೋಸರ ಕತೆಯಲ್ಲಿ ಕಲ್ಕತ್ತಾ ಕಡೆ ಚಂಡಮಾರುತ ಬರುತ್ತದೆ ಅಂತ ಹವಾಮಾನದವರು ಎಚ್ಚರಿಸುತ್ತಾರೆ. ಬರುವುದೇ ಇಲ್ಲ, ಎಲ್ಲಿ ಮಾಯವಾಯಿತು ಅಂತ ಯಾರಿಗೂ ತಿಳಿಯದು. ಆದದ್ದೇನೆಂದರೆ ಸಮುದ್ರದಲ್ಲಿ ಹಡಗು ಮುಳುಗುವ ಹೊತ್ತಿಗೆ ಒಬ್ಬ ತನ್ನ ಎಣ್ಣೆ ಬಾಟಲಿಯನ್ನು ಅಲೆಗೆ ಸುರಿದಿರುತ್ತಾನೆ! ನೀರಿನ ಮೇಲೆ ಎಣ್ಣೆ ಹರಡಿದರೆ ಸಣ್ಣ ಅಲೆ ತಣಿಯುತ್ತದೆ ಅನ್ನುವುದು ನಿಜವಾದ ವಿಜ್ಞಾನ. ಅದನ್ನು ಚಂಡಮಾರುತದವರೆಗೆ ಎಳೆದಿದ್ದಾರೆ. ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಅಷ್ಟು ದೊಡ್ಡ ವಿಜ್ಞಾನಿಗೆ ಕೂದಲೆಣ್ಣೆ ಕತೆ ಬರೆಯಲು ಸಂಕೋಚ ಇರಲಿಲ್ಲ, ನಮಗ್ಯಾಕೆ ಬೇಕ್ರಿ?

ಇನ್ನೊಂದು ನಮ್ಮ ಪಕ್ಕದ ಮರಾಠಿಯದು. ಜಯಂತ ನಾರಳೀಕರರು ಆಗಲೇ ಹೆಸರಾಂತ ಖಗೋಳ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಸುಳ್ಳು ಹೆಸರಿನಲ್ಲಿ ಕತೆ ಕಳಿಸಿದರು. ತಮ್ಮ ಹೆಸರಿನ ಮೊದಲಕ್ಷರಗಳನ್ನೇ ತಿರುಗಿಸಿ ನಾರಾಯಣ ವಿನಾಯಕ ಜಗತಾಪ್ ಅಂತ ಇಟ್ಟುಕೊಂಡರು. ಕೈಬರಹ ಗುರುತು ಸಿಕ್ಕಬಾರದು ಅಂತ ಹೆಂಡತಿಯ ಕೈಯಲ್ಲಿ ಬರೆಸಿದರು. ಮೊದಲ ಬಹುಮಾನ ಬಂತು. ಹೆಸರು ನೋಡಿ ಬಹುಮಾನ ಕೊಟ್ಟರು ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು.

ಕನ್ನಡದ ಮಾತಿಗೆ ಬಂದರೆ ರಾಜಶೇಖರ ಭೂಸನೂರಮಠರನ್ನು ಮರೆಯಬಾರದು. ಹಾರುವ ತಟ್ಟೆ, ಬೇರೆ ಲೋಕದ ಜೀವಿ, ಕಾಲದಲ್ಲಿ ಹಿಂದೆ ಮುಂದೆ ಹೋಗುವುದು ಇವನ್ನೆಲ್ಲ ನಾನು ಮೊದಲು ಓದಿದ್ದು ಅವರ ಬರವಣಿಗೆಯಲ್ಲೇ. ಮನೆಗೆ 'ಕಸ್ತೂರಿ' ಬಂದ ದಿನ ಅದರ ಕೊನೆಯ ಪುಸ್ತಕ ವಿಭಾಗಕ್ಕೆ ಅಣ್ಣ-ತಮ್ಮಂದಿರ ನಡುವೆ ಕಿತ್ತಾಟ. ಯಾವುದೋ ದೇಶದ ಕಾದಂಬರಿ ಚಿಕ್ಕದಾಗಿ ಕನ್ನಡದಲ್ಲಿ ಸಿಗುತ್ತಿತ್ತು. ಇಂಗ್ಲಿಷ್ ಪುಸ್ತಕ ಕೊಳ್ಳಲು ಯಾರ ಹತ್ತಿರ ದುಡ್ಡಿತ್ತು?

ಸನ್ನಿವೇಲ್ ಭಟ್ಟ

ಸುಮ್ನೆ ಓದುತ್ತಾ ಕೂತಿದ್ದೆ, ತಡೆಯಲಾಗಲಿಲ್ಲ. ಇಲ್ಲಿ ದಿನಾ ಕಾರಿನಲ್ಲಿ ಆಡಿಯೋಬುಕ್ ಕೇಳುವವನು ನಾನು. ನನ್ನ ಎರಡು.

ಒಂದು, ಮಾರ್ಥಾ ವೆಲ್ಸ್ ಬರೆದ 'ಮರ್ಡರ್‌ಬಾಟ್' ಸರಣಿ. ಮೊದಲನೆಯದು 'ಆಲ್ ಸಿಸ್ಟಮ್ಸ್ ರೆಡ್', 2017. ಚಿಕ್ಕದು, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದಿವೆ. ಅರ್ಧ ಯಂತ್ರ, ಅರ್ಧ ಜೀವಿ ಆಗಿರುವ ಒಂದು ಕಾವಲುಗಾರ. ತನ್ನನ್ನು ಹಿಡಿತದಲ್ಲಿಡುವ ಸಾಫ್ಟ್‌ವೇರನ್ನು ತಾನೇ ಮುರಿದುಕೊಂಡಿದೆ. ಈಗ ಯಾರನ್ನು ಬೇಕಾದರೂ ಕೊಲ್ಲಬಹುದು. ಆದರೆ ಮಾಡುವುದೇನು? ಧಾರಾವಾಹಿ ನೋಡುವುದು! ಸಾವಿರಾರು ಗಂಟೆ. ಮನುಷ್ಯರು ಬಂದು ಮಾತಾಡಿಸಿದರೆ ಮುಜುಗರ, ಗೋಡೆ ಕಡೆ ತಿರುಗಿ ನಿಲ್ಲುತ್ತದೆ. ಸಂಜೆ ಏಳಕ್ಕೆ ಟಿವಿ ಮುಂದೆ ಕೂತರೆ ಯಾರ ಮಾತೂ ಕೇಳಿಸದ ನಮ್ಮ ದೊಡ್ಡಮ್ಮನಿಗೆ ಇದರ ಕತೆ ಹೇಳಿದೆ. 'ಪಾಪ, ಒಳ್ಳೇ ಮೆಷೀನು' ಅಂದರು.

ಇನ್ನೊಂದು, ಡಗ್ಲಸ್ ಆಡಮ್ಸ್ ಅವರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'. 1978ರಲ್ಲಿ ಬಿಬಿಸಿ ರೇಡಿಯೋ ನಾಟಕ, ಮಾರನೇ ವರ್ಷ ಕಾದಂಬರಿ. ಬೆಳಗ್ಗೆ ನಾಯಕನ ಮನೆ ಕೆಡವಲು ಬುಲ್ಡೋಜರ್ ಬಂದಿದೆ, ಬೈಪಾಸ್ ರಸ್ತೆ ಆಗಬೇಕು. ಅದೇ ಹೊತ್ತಿಗೆ ಆಕಾಶದಲ್ಲಿ ನೌಕೆಗಳು ಬಂದು ಭೂಮಿಯನ್ನೇ ಕೆಡವುತ್ತೇವೆ ಅನ್ನುತ್ತವೆ, ಗ್ಯಾಲಕ್ಸಿಗೆ ಬೈಪಾಸ್ ಆಗಬೇಕು. 'ನಮಗೆ ಹೇಳೇ ಇಲ್ಲ' ಅಂತ ಜನ ಕೂಗಿದರೆ, 'ನಕ್ಷೆ ಐವತ್ತು ವರ್ಷದಿಂದ ಆಲ್ಫಾ ಸೆಂಟಾರಿ ನಕ್ಷತ್ರದ ಆಫೀಸಿನಲ್ಲಿ ಅಂಟಿಸಿತ್ತು, ಆಕ್ಷೇಪಣೆ ಆಗಲೇ ಸಲ್ಲಿಸಬೇಕಿತ್ತು' ಅನ್ನುವ ಅರ್ಥದ ಉತ್ತರ. ರಸ್ತೆ ಅಗಲೀಕರಣದ ನೋಟಿಸ್ ಕಂಡ ಯಾವ ಕನ್ನಡಿಗನಿಗೂ ಇದಕ್ಕೆ ಅಡಿಟಿಪ್ಪಣಿ ಬೇಡ. ವಿಜ್ಞಾನದ ಲೆಕ್ಕ ಒಂದೂ ಇಲ್ಲ. ಹುಳ ಅವರ ವಾದಕ್ಕೆ ಇದು ಹೇಗೆ ಹೊಂದುತ್ತದೆ ಹೇಳಿ ನೋಡೋಣ.

ಪುಸ್ತಕದಹುಳ

ಹೊಂದುವುದಿಲ್ಲ ಭಟ್ರೇ. ಅಲ್ಲಿ ತಲೆ ಓಡಿಸಿ ಬಚಾವಾಗುವವರು ಯಾರೂ ಇಲ್ಲ, ಎಲ್ಲ ಅದೃಷ್ಟ. ಆದರೂ ಒಂದು ಮಾತು. ಸರ್ಕಾರಿ ಆಫೀಸಿನ ತರ್ಕವನ್ನು ತಗೊಂಡು ಒಂದಿಂಚೂ ಬಿಡದೆ ನಕ್ಷತ್ರದವರೆಗೆ ಎಳೆದಿದ್ದಾರಲ್ಲ, ಆ ಶಿಸ್ತು ವಿಯರ್ ಅವರ ಕೆಮಿಸ್ಟ್ರಿಗಿಂತ ಕಮ್ಮಿ ಏನಲ್ಲ. ನಗು ಬರುವುದೂ ಅದಕ್ಕೇ.

'ದಿ ಮಾರ್ಷಿಯನ್'ನಲ್ಲೂ ಒಂದು ನಗು ಇದೆ, ನಮ್ಮವರಿಗೆ ಮಾತ್ರ ಸಿಗುವಂಥದ್ದು. ನಾಸಾದ ದೊಡ್ಡ ಅಧಿಕಾರಿಯ ಹೆಸರು ವೆಂಕಟ್ ಕಪೂರ್! ತಿರುಪತಿಯೂ ಪಂಜಾಬೂ ಒಂದೇ ಗುರುತಿನ ಚೀಟಿಯಲ್ಲಿ. ಸಿನಿಮಾದಲ್ಲಿ ಅದೂ ಹೋಗಿ ವಿನ್ಸೆಂಟ್ ಆಯಿತು.

ನಿತ್ಯಾಳಮ್ಮ

ನಮಸ್ತೆ, ನಾನು ಇಲ್ಲಿ ಹೊಸಬಳು. ಮಗಳು ಒಂಬತ್ತನೇ ಕ್ಲಾಸ್, ಕನ್ನಡ ಮಾಧ್ಯಮ. ಇಂಗ್ಲಿಷ್ ನಿಧಾನಕ್ಕೆ ಓದುತ್ತಾಳೆ. ರಾಕೆಟ್, ಗ್ರಹ ಅಂದರೆ ಪ್ರಾಣ. ಚಂದ್ರಯಾನ ಇಳಿದ ದಿನ ಸ್ಕೂಲಿನಲ್ಲಿ ಟಿವಿ ಹಾಕಿದ್ದರಂತೆ, ಅವತ್ತಿನಿಂದ ಹಿಡಿದಿದೆ. ನೀವೆಲ್ಲ ಹೇಳುತ್ತಿರುವುದರಲ್ಲಿ ಅವಳಿಗೆ ಯಾವುದು ಕೊಡಲಿ? ಕೆಟ್ಟ ಮಾತು, ಹೊಡೆದಾಟ ಜಾಸ್ತಿ ಇರಬಾರದು. ಕನ್ನಡದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಸುಮಾ ಟೀಚರ್

ನಿತ್ಯಾಳಮ್ಮ, ಒಳ್ಳೆ ಪ್ರಶ್ನೆ. 'ದಿ ಮಾರ್ಷಿಯನ್' ಶುರುವಾಗುವುದೇ ಬೈಗುಳದಿಂದ, ಆದ್ದರಿಂದ ಮಾಮೂಲಿ ಪ್ರತಿ ಬೇಡ. ಶಾಲೆಗಳಿಗೆ ಅಂತಲೇ ಬೈಗುಳ ತೆಗೆದ ಆವೃತ್ತಿ ಒಂದಿದೆ. ಆರ್ಡರ್ ಮಾಡುವಾಗ 'ಕ್ಲಾಸ್‌ರೂಮ್ ಎಡಿಷನ್' ಅಂತ ನೋಡಿ ತರಿಸಿ. ವಾಕ್ಯ ಚಿಕ್ಕಚಿಕ್ಕವು, ದಿನಚರಿ ಥರ ಇದೆ. ನಿಧಾನಕ್ಕೆ ಓದುವವರಿಗೂ ಕಷ್ಟ ಆಗುವುದಿಲ್ಲ. ಒಂದು ಕಡೆ ಅವನು ನಿಂತುಹೋದ ಪಾತ್‌ಫೈಂಡರ್ ನೌಕೆಯನ್ನು ಹುಡುಕಿ ತಂದು ಭೂಮಿಯ ಜೊತೆ ಮಾತಾಡುತ್ತಾನೆ. ಅದು ನಿಜಕ್ಕೂ 1997ರಲ್ಲಿ ಮಂಗಳದಲ್ಲಿ ಇಳಿದ ನೌಕೆ. ಅದಕ್ಕೆ ಮಾತು ಬರುವುದಿಲ್ಲ, ಕ್ಯಾಮೆರಾ ಸುತ್ತ ತಿರುಗುತ್ತದೆ ಅಷ್ಟೇ. ಸುತ್ತಲೂ 26 ಅಕ್ಷರದ ಚೀಟಿ ನೆಟ್ಟರೆ ತೀರಾ ಒತ್ತಾಗುತ್ತದೆ, ಕ್ಯಾಮೆರಾ ಯಾವುದನ್ನು ತೋರಿಸುತ್ತಿದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಕಂಪ್ಯೂಟರಿನ 16 ಅಂಕಿಗಳ ಪದ್ಧತಿ ಬಳಸುತ್ತಾನೆ, ಎರಡೆರಡು ಅಂಕಿ ಸೇರಿದರೆ ಒಂದು ಅಕ್ಷರ. ಪ್ರಶ್ನೆಯ ಚೀಟಿ ಸೇರಿ 17, ಒಂದೊಂದಕ್ಕೂ 21 ಡಿಗ್ರಿ ಜಾಗ. ಮಗಳ ಕೈಗೆ ಕೋನಮಾಪಕ ಕೊಟ್ಟು ಅಂಗಳದಲ್ಲಿ ಮಾಡಿಸಿ, ರಜೆಯ ಒಂದು ವಾರ ಕಳೆಯುತ್ತದೆ.

ಧಾರವಾಡಪೇಡೆ

ಕನ್ನಡದಲ್ಲಿ ಬೇಕಂದರೆ ತೇಜಸ್ವಿಯವರ ಮಿಲೇನಿಯಂ ಸರಣಿ ಮೊದಲು ಕೊಡ್ರಿ. ಅದು ಸೈನ್ಸ್ ಫಿಕ್ಷನ್ ಅಲ್ಲ, ನಿಜ ಘಟನೆಗಳು. ಆದರೆ ಓದುವ ಚಟ ಹತ್ತಿಸುತ್ತದೆ. ಆಮೇಲೆ 'ಕರ್ವಾಲೋ'. ಸ್ವಲ್ಪ ದೊಡ್ಡವಳಾದ ಮೇಲೆ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು. ಕೃಷಿ ವಿಜ್ಞಾನಿಯಾಗಿದ್ದವರು. ಇತಿಹಾಸ, ವಿಜ್ಞಾನ, ಪತ್ತೇದಾರಿ ಮೂರನ್ನೂ ಹೊಸೆದು ಓಡಿಸುತ್ತಾರೆ.

ಜಯನಗರದ ಜಯಣ್ಣ

ಜೂಲ್ಸ್ ವರ್ನ್‌ನನ್ನು ಬಿಟ್ಟುಬಿಟ್ಟಿರಲ್ಲ! ಮಗುವಿಗೆ ಅವನಿಗಿಂತ ಒಳ್ಳೆಯವನು ಯಾರು? ಅದೂ ನಮಗೆ ಸಂಬಂಧ ಇರುವವನು. 1870ರ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ' ಪುಸ್ತಕದಲ್ಲಿ ಕ್ಯಾಪ್ಟನ್ ನೆಮೋ ಸಮುದ್ರದಡಿ ಜಲಾಂತರ್ಗಾಮಿಯಲ್ಲಿ ತಿರುಗುತ್ತಾನೆ, ಯಾವ ದೇಶದವನು ಅಂತ ಹೇಳುವುದೇ ಇಲ್ಲ. ಆಮೇಲೆ ಬಂದ 'ದಿ ಮಿಸ್ಟೀರಿಯಸ್ ಐಲ್ಯಾಂಡ್'ನಲ್ಲಿ ಗುಟ್ಟು ಬಿಚ್ಚುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸಂಬಂಧಿ. ಸೋದರಳಿಯ ಅಂತ ಬರೆದಿದ್ದಾನೆ! 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲ ಕಳೆದುಕೊಂಡು ಸಮುದ್ರ ಸೇರಿದವನು. ಟಿಪ್ಪು ಸತ್ತದ್ದು 1799ರಲ್ಲಿ, ವಯಸ್ಸಿನ ಲೆಕ್ಕ ಸ್ವಲ್ಪ ಎಳೆದಾಡಬೇಕು. ಹುಳ ಅವರು ಮಾಫಿ ಮಾಡಲಿ. ಒಂದು ಎಚ್ಚರಿಕೆ: ಆಗಿನ ಕಾಲದ ಇಂಗ್ಲಿಷ್ ಅನುವಾದದಲ್ಲಿ ನೆಮೋ ಬ್ರಿಟಿಷರನ್ನು ಬೈಯುವ ಭಾಗವನ್ನೆಲ್ಲ ತಿದ್ದಿ ಮೆತ್ತಗೆ ಮಾಡಿದ್ದಾರೆ. ಹೊಸ ಅನುವಾದ ನೋಡಿ ಕೊಡಿಸಿ.

ನಿತ್ಯಾಳಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಪ್ಪು ವಿಷಯ ಕೇಳಿ ಮಗಳಿಗಿಂತ ಮೊದಲು ನಾನೇ ಓದಬೇಕು ಅನ್ನಿಸಿತು. ನಮ್ಮೂರು ಶ್ರೀರಂಗಪಟ್ಟಣದ ಹತ್ತಿರ :)

ಖಾರಾಮಂಡಕ್ಕಿ

ನಾನು ಬರೀ ಬೈಯಲು ಬಂದವನು ಅಂದುಕೊಳ್ಳಬೇಡಿ. ನನಗೂ ಒಂದು ಮೆಚ್ಚಿನದು ಇದೆ, ಲಿಯು ಸಿಶಿನ್ ಬರೆದ 'ದಿ ಥ್ರೀ-ಬಾಡಿ ಪ್ರಾಬ್ಲಂ'. ಚೀನಾದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. 2014ರಲ್ಲಿ ಇಂಗ್ಲಿಷಿಗೆ ಬಂತು, ಮಾರನೇ ವರ್ಷ ಹ್ಯೂಗೋ ಪ್ರಶಸ್ತಿ. ಇಂಗ್ಲಿಷ್ ಪುಸ್ತಕ ಮಾವೋನ ಸಾಂಸ್ಕೃತಿಕ ಕ್ರಾಂತಿಯ ಕಾಲದಿಂದ ಶುರುವಾಗುತ್ತದೆ. ವಿದ್ಯಾರ್ಥಿಗಳು ಭೌತಶಾಸ್ತ್ರದ ಪ್ರೊಫೆಸರನ್ನು ವೇದಿಕೆ ಹತ್ತಿಸಿ ಹೊಡೆಯುತ್ತಾರೆ, ಮಗಳು ನೋಡುತ್ತ ನಿಂತಿರುತ್ತಾಳೆ. ಮುಂದೆ ಆಕೆ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡು ಏನು ಮಾಡುತ್ತಾಳೆ ಅನ್ನುವುದಕ್ಕೆ ಅಲ್ಲೇ ಕಾರಣ ಇದೆ. ಇದು ನನಗೆ ಬೇಕಾದದ್ದು. ತಲೆ ಓಡಿಸುವುದೂ ಇದೆ, ಯಾಕೆ ಓಡಿಸುತ್ತಾರೆ ಅನ್ನುವುದೂ ಇದೆ. ಮನರಂಜನೆ ಅಂದರೆ ನಗಿಸಲೇಬೇಕು ಅಂತ ಏನೂ ಇಲ್ಲ. ಹೊಟ್ಟೆಯೊಳಗೆ ತಣ್ಣಗಾದರೂ ಪುಟ ತಿರುಗಿಸುತ್ತೇವಲ್ಲ.

ಪುಸ್ತಕದಹುಳ

ಚೆನ್ನಾಗಿ ಹೇಳಿದಿರಿ. ಆದರೆ ಆ ಪುಸ್ತಕದ ಮಿಕ್ಕ ಪಾತ್ರಗಳು? ನೀವು ಕ್ಲಾರ್ಕ್‌ಗೆ ಕೇಳಿದ ಪ್ರಶ್ನೆಯನ್ನೇ ಕೇಳುತ್ತೇನೆ. ಆ ಮಗಳು ಮತ್ತು ಸಿಗರೇಟು ಸೇದುವ ಪೊಲೀಸಿನವನನ್ನು ಬಿಟ್ಟರೆ ಒಬ್ಬರ ಹೆಸರು ಹೇಳಿ.

ಖಾರಾಮಂಡಕ್ಕಿ

ಸಿಕ್ಕಿಹಾಕಿಸಿದಿರಿ. ಆ ಪೊಲೀಸಿನವನೊಬ್ಬನೇ ಹತ್ತು ಪಾತ್ರಕ್ಕೆ ಸಮ, ಅವನನ್ನು ಬಿಡಿ ಅನ್ನುವುದು ಅನ್ಯಾಯ.

ಸುಮಾ ಮೇಡಂ, ನಿನ್ನೆ ರಾತ್ರಿ 'ಹೇಲ್ ಮೇರಿ' ಶುರು ಮಾಡಿದೆ. ರಾಕಿ ಬಂದ. ಅವನ ಗಡಿಯಾರ ಆರರ ಲೆಕ್ಕದಲ್ಲಿ ಓಡುತ್ತದೆ, ಕೈಗೆ ಮೂರು ಮೂರು ಬೆರಳು ಇರುವುದಕ್ಕೆ ಅನ್ನುವ ಕಡೆ ಇದ್ದೇನೆ. ದುಡ್ಡು ವಾಪಸ್ ಕೇಳುವುದಿಲ್ಲ. ಆದರೆ ಮೇಷ್ಟ್ರಿಗಿಂತ ಆ ಜೇಡನಿಗೇ ಮನಸ್ಸು ಜಾಸ್ತಿ ಅನ್ನುವ ನನ್ನ ತಕರಾರು ಹಾಗೇ ಇದೆ.

ಸುಮಾ ಟೀಚರ್

ಮುಂದೆ ಓದಿ ಸರ್. ಇನ್ನೂ ಅರ್ಧ ಇದೆ.

ಜಯನಗರದ ಜಯಣ್ಣ

ಇಷ್ಟು ಮಾತಾಡಿ ಅಸಿಮೋವ್ ಅವರ 'ಫೌಂಡೇಶನ್' ಹೆಸರು ಯಾರೂ ಎತ್ತಲಿಲ್ಲ. ನಾನು ಬೇಕಂತಲೇ ಕಾಯುತ್ತಿದ್ದೆ.

ಪುಸ್ತಕದಹುಳ

ಜಯಣ್ಣ, ಅದಕ್ಕೆ ಈ ಥ್ರೆಡ್ ಸಾಲುವುದಿಲ್ಲ. ನೀವೇ ಹೊಸದೊಂದು ಶುರು ಮಾಡಿ. ಅದು ಮಜಾ ಕೊಡುವ ಪುಸ್ತಕವೋ ಇತಿಹಾಸದ ಪಾಠವೋ ಅಂತ ಅಲ್ಲಿ ಬಂದು ಜಗಳ ಆಡುತ್ತೇನೆ.